ಕೋಣೆಯೊಳಗೆ 38 ಡಿಗ್ರಿ ಇರುವಾಗ ಲೇಸರ್ ಎನ್‌ಗ್ರೇವರ್ ಓಡಿಸಬಹುದಾ?

ಪ್ಲೈವುಡ್‌ಪ್ರಿಯ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಮರ ಕೆತ್ತುವ, ಕತ್ತರಿಸುವ 10 ವ್ಯಾಟ್‌ನ ಡಯೋಡ್ ಲೇಸರ್ ಮೆಷಿನ್ ಇದೆ. ಸುತ್ತ ಮುಚ್ಚಿದ ಪೆಟ್ಟಿಗೆ, ಹಿಂದೆ ಹೊಗೆ ಎಳೆಯುವ ಫ್ಯಾನ್, ಅದರ ಪೈಪು ಕಿಟಕಿಯಿಂದ ಹೊರಗೆ. ಚಳಿಗಾಲದಲ್ಲಿ ಏನೂ ತೊಂದರೆ ಇರಲಿಲ್ಲ. ಈಗ ಮಧ್ಯಾಹ್ನ ಕೋಣೆಯೊಳಗೇ 37-38 ಡಿಗ್ರಿ ಆಗುತ್ತಿದೆ. ಬೆಳಿಗ್ಗೆ 3 ಮಿ.ಮೀ. ಪ್ಲೈವುಡ್ಡನ್ನು ಸಲೀಸಾಗಿ ಕತ್ತರಿಸುವ ಅದೇ ಸೆಟ್ಟಿಂಗ್ ಮಧ್ಯಾಹ್ನಕ್ಕೆ ಅರ್ಧಕ್ಕೇ ನಿಲ್ಲುತ್ತದೆ. ಪವರ್ ಪೂರ್ತಿ 100ಕ್ಕೆ ಏರಿಸಿ ವೇಗ ಇಳಿಸಿದರೆ ಅಂಚೆಲ್ಲ ಕರಿ. ನಿನ್ನೆ ಒಂದು ಮೂಲೆಯಲ್ಲಿ ಸಣ್ಣ ಜ್ವಾಲೆ ಎದ್ದು ಎರಡು ಸೆಕೆಂಡ್ ಉರಿದು ಆರಿತು.

ಸೆಕೆ ತಡೆಯಲಾಗದೆ ಟೇಬಲ್ ಫ್ಯಾನನ್ನು ಮೆಷಿನ್ ಕಡೆಗೆ ತಿರುಗಿಸಿ ಇಡೋಣ ಅಂತಿದ್ದೇನೆ. ಅಥವಾ ಕಿಟಕಿ ಬಾಗಿಲು ಮುಚ್ಚಿ ಏಸಿ ಹಾಕಿಕೊಳ್ಳಲಾ? ಯಾವುದು ಸರಿ? ಮೆಷಿನ್‌ಗೆ ಏನಾದರೂ ಆಗುತ್ತದಾ?

ಹೊಗೆಪೈಪ್:
ಟೇಬಲ್ ಫ್ಯಾನ್ ಬೇಡ. ಪೆಟ್ಟಿಗೆಯ ಸಂದಿಗೆ ಗಾಳಿ ಬಡಿದರೆ ಹೊಗೆ ಪೈಪಿಗೆ ಹೋಗುವ ಬದಲು ಕೋಣೆಗೆ ಬರುತ್ತದೆ. ಮುಚ್ಚಳ ತೆರೆದಿದ್ದರಂತೂ ಇನ್ನೂ ಕೆಟ್ಟದ್ದು, ಸಣ್ಣ ಕಿಡಿಗೂ ಅದೇ ಗಾಳಿ ಸಿಗುತ್ತದೆ. ಫ್ಯಾನ್ ಬೇಕೇ ಬೇಕು ಅಂದರೆ ನಿಮ್ಮ ಕಡೆಗೆ ತಿರುಗಿಸಿ, ಮೆಷಿನ್‌ಗೆ ತಾಗದ ಹಾಗೆ.

ನೀಲಿಕಿರಣ:
ಮೊದಲು ಮಧ್ಯಾಹ್ನ ಯಾಕೆ ಕತ್ತರಿಸಲ್ಲ ಅನ್ನೋದನ್ನು ನೋಡೋಣ, ಯಾಕೆಂದರೆ ನೀವು ಅದಕ್ಕೆ ಹುಡುಕಿದ ಪರಿಹಾರದಿಂದಲೇ ಬೆಂಕಿ ಎದ್ದಿದೆ.

ನೀಲಿ ಡಯೋಡ್‌ಗೆ ಕೊಡುವ ಕರೆಂಟಿನಲ್ಲಿ ಬೆಳಕಾಗಿ ಹೊರಬರುವುದು ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ಶಾಖ. ಆ ಶಾಖವನ್ನು ಹಿಂದಿನ ಅಲ್ಯೂಮಿನಿಯಂ ಹೀಟ್‌ಸಿಂಕ್ ಮತ್ತು ಅದರ ಪುಟ್ಟ ಫ್ಯಾನ್ ಕೋಣೆಯ ಗಾಳಿಗೆ ಬಿಡಬೇಕು. ಗಾಳಿಯೇ 38 ಡಿಗ್ರಿ ಇದ್ದರೆ ಎಲ್ಲಿಗೆ ಬಿಡುವುದು? ಡಯೋಡ್ ಬಿಸಿಯಾದಷ್ಟೂ ಅದೇ ಕರೆಂಟಿಗೆ ಕಡಿಮೆ ಬೆಳಕು ಕೊಡುತ್ತದೆ, ಆಯುಸ್ಸೂ ಇಳಿಯುತ್ತದೆ. ಬಹಳಷ್ಟು ಮೆಷಿನ್‌ಗಳ ಮ್ಯಾನ್ಯುವಲ್‌ನಲ್ಲಿ ಸುತ್ತಲಿನ ಗಾಳಿ 35 ಡಿಗ್ರಿ ಮೀರಬಾರದು ಅಂತಲೇ ಇರುತ್ತದೆ, ನಿಮ್ಮದರಲ್ಲಿ ಎಷ್ಟಿದೆ ನೋಡಿ. ಇನ್ನೊಂದು ಮಾತು: ನೀವು ಹೇಳುವ 38 ಕೋಣೆಯದ್ದು. ಮುಚ್ಚಿದ ಪೆಟ್ಟಿಗೆಯ ಒಳಗೆ ಅದಕ್ಕಿಂತ ಜಾಸ್ತಿ ಇರುತ್ತದೆ. ಲೇಸರ್ ಇರುವ ಹೆಡ್ ಓಡಾಡುವ ಎತ್ತರದಲ್ಲಿ, ಕಿರಣ ತಾಗದ ಮೂಲೆಯಲ್ಲಿ ಒಂದು ಸಣ್ಣ ಥರ್ಮಾಮೀಟರ್ ಅಂಟಿಸಿ. ಗೋಡೆಯ ಮೇಲಿನದನ್ನು ನಂಬಬೇಡಿ.

ಇಷ್ಟಾದರೂ ಸೆಕೆಯೊಂದೇ ಕಾರಣ ಅಂತ ತೀರ್ಮಾನ ಮಾಡಬೇಡಿ. ಲೆನ್ಸ್ ಮುಂದಿನ ಗಾಜು ನೋಡಿದ್ದೀರಾ? ಪ್ಲೈವುಡ್ಡಿನ ಅಂಟು ಸುಟ್ಟ ಹೊಗೆ ಅದರ ಮೇಲೆ ಕಂದು ಪೊರೆಯಾಗಿ ಕೂರುತ್ತದೆ. ಮೆಷಿನ್‌ನ ಪ್ಲಗ್ ಕಿತ್ತು, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ನಡುವೆ ಟೀ ಕಲೆಯ ಹಾಗೆ ಕಾಣುತ್ತದೆ. ಆ ಪೊರೆ ಕಿರಣದ ಒಂದು ಪಾಲನ್ನು ತಾನೇ ಹೀರಿ ಬಿಸಿಯಾಗುತ್ತದೆ, ಹಾಗೇ ಬಿಟ್ಟರೆ ಗಾಜು ಬಿರುಕು ಬಿಡಬಹುದು. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಒತ್ತದೆ, ನಡುವಿನಿಂದ ಅಂಚಿಗೆ ಒರೆಸಿ. ಕಡ್ಡಿ ಬಿಳಿಯಾಗಿ ಬರುವವರೆಗೆ ಹೊಸ ಹೊಸ ಕಡ್ಡಿ ತಗೊಳ್ಳಿ. ಹಾಗೆಯೇ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಮರದ ಪುಡಿ ಹತ್ತಿಯಂತೆ ಮೆತ್ತಿಕೊಂಡಿರುತ್ತದೆ, ಬ್ರಷ್‌ನಿಂದ ತೆಗೆಯಿರಿ.

ಒರೆಸಿದ ಮೇಲೆ ಆಲ್ಕೋಹಾಲ್ ಪೂರ್ತಿ ಆರಲಿ, ಬಾಟಲಿಯ ಮುಚ್ಚಳ ಬಿಗಿ ಮಾಡಿ ಬೇರೆ ಕೋಣೆಗೆ ಒಯ್ಯಿರಿ. ಅದರ ಆವಿಗೆ 12 ಡಿಗ್ರಿಯ ಆಸುಪಾಸಿನಲ್ಲೇ ಕಿಡಿ ಹತ್ತುತ್ತದೆ, ಇನ್ನು ಈ ಬಿಸಿಲಲ್ಲಿ ಹೇಳಬೇಕಾ. ಸ್ಪ್ರೇ ಪೇಂಟ್ ಡಬ್ಬಿ, ಥಿನ್ನರ್ ಯಾವುದೂ ಆ ಮೇಜಿನ ಹತ್ತಿರ ಇರಬಾರದು.

ಸೆಟ್ಟಿಂಗ್ ವಿಚಾರ. 100ಕ್ಕೆ ಏರಿಸಿದರೆ ಮೊದಲೇ ಬಿಸಿಯಾದ ಡಯೋಡ್ ಇನ್ನಷ್ಟು ಬಿಸಿ. ವೇಗ ಇಳಿಸಿದರೆ ಕಿರಣ ಒಂದೇ ಕಡೆ ಜಾಸ್ತಿ ಹೊತ್ತು ನಿಂತು, ಮರ ಕತ್ತರಿಸುವುದರ ಬದಲು ಇದ್ದಿಲಾಗುತ್ತದೆ. ಜ್ವಾಲೆ ಏಳುವುದು ಅಲ್ಲೇ. ಪವರ್ 80-85ರಲ್ಲಿ ಇಡಿ, ವೇಗ ಸ್ವಲ್ಪ ಜಾಸ್ತಿ ಮಾಡಿ, ಒಂದರ ಬದಲು ಎರಡು ಮೂರು ಪಾಸ್ ಕೊಡಿ (ಅಂದರೆ ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಓಡಿಸಿ), ಕತ್ತರಿಸುವ ಜಾಗಕ್ಕೆ ಗಾಳಿ ಊದುವ ಏರ್ ಅಸಿಸ್ಟ್ ಚಾಲೂ ಇರಲಿ. ಒಂದೇ ಹಲಗೆಯಲ್ಲಿ ಒಂದು ಸಣ್ಣ ಚೌಕವನ್ನು ಬೆಳಿಗ್ಗೆ ಕತ್ತರಿಸಿ, ಅದನ್ನೇ ಮಧ್ಯಾಹ್ನ ಕತ್ತರಿಸಿ ನೋಡಿ. ಗಾಜು ಒರೆಸಿದ ಮೇಲೂ ವ್ಯತ್ಯಾಸ ಇದ್ದರೆ ಅದು ಶಾಖದ್ದೇ. ಆಗ ಬೆಳಿಗ್ಗೆ ಕೆಲಸ ಮಾಡಿ, ಮಧ್ಯಾಹ್ನ ಡಿಸೈನ್ ಮಾಡಿಕೊಳ್ಳಿ. ಇದಕ್ಕಿಂತ ಅಗ್ಗದ ಕೂಲಿಂಗ್ ಇಲ್ಲ.

ಮರಗೆಲಸ:
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನನಗೆ ಮೆಷಿನ್‌ಗಿಂತ ಅದರ ಮುಂದೆ ಕೂತವರ ಚಿಂತೆ ಜಾಸ್ತಿ. ಸೆಕೆಯಲ್ಲಿ ಡಯೋಡ್ ಹಾಳಾದರೆ ಹೊಸದು ತರಬಹುದು. ಸೆಕೆಗೆ ನಾವು ಏನೇನು ತೆಗೆದು ಹಾಕುತ್ತೇವೆ ನೋಡಿ: ಬೆವರು ಅಂತ ಕನ್ನಡಕ, ಒಳಗೆ ಬಿಸಿ ಅಂತ ಪೆಟ್ಟಿಗೆಯ ಮುಚ್ಚಳ, ತಂಪು ಹೋಗುತ್ತದೆ ಅಂತ ಹೊಗೆಯ ಫ್ಯಾನ್, ಕೊನೆಗೆ ಕೋಣೆಯಲ್ಲಿ ಕೂರಲಾಗದೆ ನಾವೇ ಎದ್ದು ಹೋಗುತ್ತೇವೆ. ಅಪಾಯ ಇರುವುದು ಇಲ್ಲಿ.

ಮುಚ್ಚಳ ತೆರೆದರೆ ನಿಮ್ಮದು ಕ್ಲಾಸ್ 4 ಲೇಸರ್, ಅಂದರೆ ಅತಿ ಅಪಾಯದ ವರ್ಗದ್ದು. 450 ನ್ಯಾನೊಮೀಟರ್ ಸುತ್ತಮುತ್ತಲಿನ ನೀಲಿ ಬೆಳಕು ಕಣ್ಣಿನ ಮುಂಭಾಗದಲ್ಲಿ ನಿಲ್ಲುವುದಿಲ್ಲ, ನೇರ ರೆಟಿನಾಕ್ಕೆ ಹೋಗಿ ಅಲ್ಲೇ ಒಂದು ಚುಕ್ಕೆಯಾಗಿ ಕೂಡುತ್ತದೆ. ನೇರ ಕಿರಣವೇ ಬೇಕಿಲ್ಲ, ಹೊಳೆಯುವ ಲೋಹದಿಂದ ಪುಟಿದು ಬಂದದ್ದೂ ಸಾಕು. ರೆಟಿನಾ ಸುಟ್ಟರೆ ಮತ್ತೆ ಬೆಳೆಯುವುದಿಲ್ಲ. ಕನ್ನಡಕದ ಮೇಲೆ ನಿಮ್ಮ ಲೇಸರ್‌ನ ತರಂಗಾಂತರ ಮತ್ತು ಓಡಿ ಅಂಕಿ (ಆ ಬೆಳಕನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) ಎರಡೂ ಅಚ್ಚಾಗಿರಬೇಕು. ಬಣ್ಣ ಕಿತ್ತಳೆ ಇದೆ ಅಂದರೆ ಸಾಲದು. ಬೆವರಿಗೆ ಮಂಜು ಹಿಡಿದರೆ ಪಾಜ್ ಬಟನ್ ಒತ್ತಿ ಮೆಷಿನ್ ನಿಲ್ಲಿಸಿ, ಹೊರಗೆ ಬಂದು ಒರೆಸಿಕೊಂಡು ಹೋಗಿ. ಎತ್ತಿ ಹಣೆಗೆ ಏರಿಸಿ ಇಣುಕಿ ನೋಡುವುದು ಬೇಡವೇ ಬೇಡ.

ಏಸಿ ಬಗ್ಗೆ. ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಂಪು ಮಾಡಿ, ಮತ್ತೆ ಕೋಣೆಗೇ ಬಿಡುತ್ತದೆ. ಹೊಗೆ ಇದ್ದರೆ ಅದೂ ತಣ್ಣಗಾಗಿ ವಾಪಸ್ ನಿಮ್ಮ ಮೂಗಿಗೇ. ಹಾಗಂತ ಏಸಿ ಬೇಡ ಅನ್ನುತ್ತಿಲ್ಲ. ಹೊಗೆಯ ಫ್ಯಾನ್ ನಿಲ್ಲಿಸಬೇಡಿ, ಕೋಣೆಯ ಬಾಗಿಲು ಸ್ವಲ್ಪ ಓರೆ ಇರಲಿ. ಹೊರಗೆ ಹೋದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕಲ್ವಾ, ಎಲ್ಲ ಸಂದಿಯನ್ನೂ ಬಿಗಿದರೆ ಫ್ಯಾನ್ ಸುಮ್ನೆ ಸುತ್ತುತ್ತದೆ, ಏನೂ ಎಳೆಯುವುದಿಲ್ಲ. ಪರೀಕ್ಷೆ ಸುಲಭ: ಟಿಶ್ಯೂ ಕಾಗದದ ಒಂದು ಎಳೆಯನ್ನು ಪೆಟ್ಟಿಗೆಯ ಸಂದಿಯ ಹತ್ತಿರ ಹಿಡಿಯಿರಿ. ಒಳಮುಖವಾಗಿ ವಾಲಬೇಕು. ನೇತಾಡುತ್ತಾ ನಿಂತರೆ ಹೊಗೆ ಹೊರಗೆ ಹೋಗುತ್ತಿಲ್ಲ ಅಂತ ಅರ್ಥ. ಕಾರ್ಬನ್ ಫಿಲ್ಟರ್ ಇಟ್ಟುಕೊಂಡು ಕೋಣೆಯೊಳಗೇ ಗಾಳಿ ಬಿಡುವವರು ಇನ್ನೂ ಎಚ್ಚರ ಇರಬೇಕು, ಬಿಸಿ ಮತ್ತು ತೇವ ಎರಡೂ ಇದ್ದಾಗ ಇದ್ದಿಲು ವಾಸನೆ ಹಿಡಿಯುವುದು ಕಡಿಮೆಯಾಗುತ್ತದೆ.

ಪಿವಿಸಿ, ವಿನೈಲ್, ರೆಕ್ಸಿನ್ ಯಾವ ಕಾಲದಲ್ಲೂ ಬೇಡ. ಅದರಿಂದ ಬರುವುದು ಹೈಡ್ರೋಜನ್ ಕ್ಲೋರೈಡ್, ನಿಮ್ಮ ಶ್ವಾಸಕೋಶವನ್ನೂ ಮೆಷಿನ್‌ನ ಕಬ್ಬಿಣವನ್ನೂ ಒಟ್ಟಿಗೆ ತಿನ್ನುತ್ತದೆ.

ಗಾಜಿನಕೊಳವೆ:
ಇಲ್ಲೇ ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ, ಬೇರೆ ತೆರೆಯುವುದು ಬೇಡ ಅಂತ. ನನ್ನದು 40 ವ್ಯಾಟ್‌ನ ಸಿಓ2 ಟ್ಯೂಬ್, ಅಂದರೆ ಗಾಜಿನ ಕೊಳವೆಯ ಗ್ಯಾಸ್ ಲೇಸರ್. ಅದನ್ನು ತಂಪು ಮಾಡಲು ಬಕೆಟ್ ನೀರು, ಅದರಲ್ಲೊಂದು ಪಂಪ್. ಒಂದು ಗಂಟೆ ಓಡಿಸಿದರೆ ನೀರು 34ಕ್ಕೆ ಹೋಗುತ್ತದೆ. ಐಸ್ ಸುರಿಯಬಹುದಾ?

ನೀಲಿಕಿರಣ:
@ಗಾಜಿನಕೊಳವೆ 34 ತುಂಬಾ ಆಯಿತು, ಅಲ್ಲಿಗೆ ಬರುವ ಮೊದಲೇ ನಿಲ್ಲಿಸಬೇಕು. ಗಾಜಿನ ಟ್ಯೂಬಿಗೆ 18ರಿಂದ 25 ಡಿಗ್ರಿ ನೀರು ಚೆನ್ನ. ಅದರ ಮೇಲೆ ಹೋದಷ್ಟೂ ಪವರ್ ಇಳಿಯುತ್ತದೆ, ಟ್ಯೂಬ್ ಬೇಗ ಸಾಯುತ್ತದೆ.

ಐಸನ್ನು ನೇರವಾಗಿ ಸುರಿಯಬೇಡಿ. ಬಿಸಿ ಗಾಜಿಗೆ ಥಟ್ಟನೆ ತಣ್ಣೀರು ಬಿದ್ದರೆ ಟ್ಯೂಬ್ ಸೀಳಬಹುದು. ನಲ್ಲಿ ನೀರಿನ ಐಸ್ ಆದರೆ ಡಿಸ್ಟಿಲ್ಡ್ ವಾಟರ್ ಕೂಡ ಕೆಡುತ್ತದೆ, ಉಪ್ಪಿನಂಶ ಇರುವ ನೀರಿನಲ್ಲಿ ಹೈವೋಲ್ಟೇಜ್ ಸೋರುತ್ತದೆ. ಬಿಗಿ ಮುಚ್ಚಳದ ಬಾಟಲಿಯಲ್ಲಿ ನೀರು ಗಟ್ಟಿ ಮಾಡಿ, ಕೆಲಸ ಶುರು ಮಾಡುವ ಮೊದಲೇ ಬಕೆಟ್‌ಗೆ ಬಿಡಿ, ಒಂದೊಂದಾಗಿ. ದೊಡ್ಡ ಡ್ರಮ್ಮಿನಲ್ಲಿ ನೀರು ಜಾಸ್ತಿ ಇದ್ದರೆ ಬಿಸಿಯಾಗುವುದೂ ನಿಧಾನ.

ಅತಿಯಾಗಿ ತಣ್ಣಗೆ ಮಾಡುವುದೂ ತಪ್ಪೇ. ಗಾಳಿ 32 ಡಿಗ್ರಿ, ತೇವಾಂಶ ಶೇ. 70 ಇದ್ದರೆ ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂರುತ್ತದೆ. ಟ್ಯೂಬಿನ ಹೈವೋಲ್ಟೇಜ್ ತುದಿಯಲ್ಲಿ ಆ ಹನಿ ಕೂತರೆ ಕಿಡಿ ಹಾರುತ್ತದೆ. ಅಂಥ ದಿನ 20ಕ್ಕೆ ಇಳಿಸುವ ಹಟ ಬೇಡ, 26-27ರಲ್ಲಿ ಇಟ್ಟು ಪವರ್ ಕಡಿಮೆ ಮಾಡಿ ಸಣ್ಣ ಕೆಲಸ ಮಾಡಿ, ಇಲ್ಲವಾದರೆ ಕೋಣೆಯ ತೇವವನ್ನೇ ಏಸಿಯಿಂದ ಇಳಿಸಿ.

ನೀರು ತಂಪು ಮಾಡುವ ಚಿಲ್ಲರ್ ಕೊಳ್ಳುವುದಾದರೆ ನೋಡಿ ಕೊಳ್ಳಿ. ಸಿಡಬ್ಲ್ಯೂ-3000 ಅನ್ನುವುದರಲ್ಲಿ ಕಂಪ್ರೆಸರ್ ಇಲ್ಲ, ರೇಡಿಯೇಟರ್ ಮತ್ತು ಫ್ಯಾನ್ ಅಷ್ಟೆ. ಕೋಣೆ 38 ಇದ್ದರೆ ನೀರನ್ನು 38ಕ್ಕಿಂತ ಕೆಳಗೆ ಇಳಿಸುವ ಶಕ್ತಿ ಅದಕ್ಕಿಲ್ಲ. ಸಿಡಬ್ಲ್ಯೂ-5000ರಿಂದ ಮೇಲಿನವು ಫ್ರಿಜ್‌ನಂತೆ ಕಂಪ್ರೆಸರ್ ಇರುವವು. ಮತ್ತೆ, ನೀರು ನಿಂತರೆ ಲೇಸರ್ ತಾನಾಗಿ ನಿಲ್ಲುವ ಫ್ಲೋ ಸ್ವಿಚ್ ಇದೆಯಾ ನೋಡಿ. ಇಲ್ಲದಿದ್ದರೆ ಬೇರೆ ಎಲ್ಲದಕ್ಕಿಂತ ಮೊದಲು ಅದನ್ನು ಹಾಕಿಸಿ.

ಪ್ಲೈವುಡ್‌ಪ್ರಿಯ:
ತುಂಬಾ ಧನ್ಯವಾದ ಎಲ್ಲರಿಗೂ. ಗಾಜು ಒರೆಸಿದೆ, ಕಡ್ಡಿ ಪೂರ್ತಿ ಕಂದು ಬಣ್ಣ ಬಂತು. ಹಳೇ ಸೆಟ್ಟಿಂಗ್‌ನಲ್ಲೇ ಈಗ ಮಧ್ಯಾಹ್ನವೂ ಹೆಚ್ಚುಕಡಿಮೆ ಕೆಳಗಿನವರೆಗೆ ಇಳಿಯುತ್ತಿದೆ, ಎರಡನೇ ಪಾಸ್‌ಗೆ ತುಂಡು ಬೀಳುತ್ತದೆ. ಪೆಟ್ಟಿಗೆಯೊಳಗೆ 43 ಡಿಗ್ರಿ ತೋರಿಸಿತು, ಹಾಗಾಗಿ ಇನ್ನು ಬೆಳಿಗ್ಗೆಯೇ. ಒಂದು ಅನುಮಾನ ಉಳಿಯಿತು. ಜ್ವಾಲೆ ಮತ್ತೆ ಎದ್ದರೆ ಮೊದಲು ಏನು ಮಾಡಬೇಕು? ಮತ್ತೆ ಏಸಿ, ಲೇಸರ್, ಏರ್ ಅಸಿಸ್ಟ್‌ನ ಕಂಪ್ರೆಸರ್ ಎಲ್ಲ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿದೆ, ನಡೆಯುತ್ತದಾ?

ಮರಗೆಲಸ:
ನಡೆಯಲ್ಲ. ಏಸಿಗೆ ಗೋಡೆಯ ಪವರ್ ಪ್ಲಗ್ಗೇ ಬೇಕು, ಬೋರ್ಡಿನಿಂದ ಇವತ್ತೇ ತೆಗೆಯಿರಿ. ಉಳಿದವಕ್ಕೆ ಬೋರ್ಡ್ ಬಳಸಿದರೂ ವೈರನ್ನು ಸುರುಳಿ ಸುತ್ತಿ ಇಡಬೇಡಿ, ಒಳಗೊಳಗೇ ಬಿಸಿಯಾಗುತ್ತದೆ.

ಜ್ವಾಲೆ ಎದ್ದರೆ: ಎಮರ್ಜೆನ್ಸಿ ಸ್ವಿಚ್ ಒತ್ತಿ, ಏರ್ ಅಸಿಸ್ಟ್ ಮತ್ತು ಹೊಗೆಯ ಫ್ಯಾನ್ ಆರಿಸಿ, ಮುಚ್ಚಳ ತೆರೆಯದೆ ನೋಡಿ. ಗಾಳಿ ಸಿಗದೆ ಸಣ್ಣದು ಅಲ್ಲೇ ಆರುತ್ತದೆ. ಆರದಿದ್ದರೆ ಸಿಓ2 ಎಕ್ಸ್‌ಟಿಂಗ್ವಿಷರ್ ಅಥವಾ ಫೈರ್ ಬ್ಲಾಂಕೆಟ್. ಪುಡಿ ಇರುವ ಎಕ್ಸ್‌ಟಿಂಗ್ವಿಷರ್ ಕೂಡ ಬೆಂಕಿ ಆರಿಸುತ್ತದೆ, ಆದರೆ ಆ ಪುಡಿ ಮೆಷಿನ್ ತುಂಬ ಸೇರುತ್ತದೆ. ಅದೊಂದೇ ಇದ್ದರೆ ಮೆಷಿನ್ ಮುಖ ನೋಡದೆ ಅದನ್ನೇ ಬಳಸಿ. ಪ್ಲಗ್‌ನಲ್ಲಿ ಕರೆಂಟ್ ಇರುವಾಗ ನೀರು ಎರಚಬೇಡಿ. ಕೈ ಮೀರಿತು ಅನ್ನಿಸಿದರೆ ಬಾಗಿಲು ಎಳೆದುಕೊಂಡು ಹೊರಗೆ ಬಂದು ಅಗ್ನಿಶಾಮಕದವರಿಗೆ ಫೋನ್ ಮಾಡಿ.

ಕೆಲಸ ಮುಗಿದ ಮೇಲೆ ಕೂಡ ತಕ್ಷಣ ಹೋಗಬೇಡಿ. ಮರವನ್ನು ಇಟ್ಟು ಕತ್ತರಿಸುವ, ತೂತುತೂತಾದ ಜೇನುಗೂಡು ಹಲಗೆಯ ಕೆಳಗೆ ಬಿದ್ದ ಚೂರುಗಳು ಒಳಗೇ ಕನಲುತ್ತಿರುತ್ತವೆ. ಹತ್ತು ಹದಿನೈದು ನಿಮಿಷ ಅಲ್ಲೇ ಇದ್ದು, ಚೂರುಗಳನ್ನು ಮುಚ್ಚಳ ಇರುವ ತಗಡಿನ ಡಬ್ಬಕ್ಕೆ ಹಾಕಿ. ಪ್ಲಾಸ್ಟಿಕ್ ಕಸದ ಬುಟ್ಟಿಗೆ ಬೇಡ.