ಹೆದ್ದಾರಿ 66ರಲ್ಲಿ ವೇಗಮಿತಿ ನಿಗದಿ ಮಾಡುವುದು ಯಾರು?

ಕಡಲಬದಿ:
ತಲಪಾಡಿಯಿಂದ ಕುಂದಾಪುರದವರೆಗೆ ರಸ್ತೆ ಒಂದೇ. ಆದರೆ ಒಂದೊಂದು ಜಂಕ್ಷನ್ನಿನಲ್ಲಿ ಒಂದೊಂದು ಅಂಕಿ, ಕೆಲವೆಡೆ ಬೋರ್ಡೇ ಇಲ್ಲ. ಬೋರ್ಡಿಲ್ಲದ ಕಡೆ ಕಾರಿಗೆ ಎಷ್ಟು? ಈ ಅಂಕಿ ಬರುವುದು ಯಾವ ಲೆಕ್ಕದಲ್ಲಿ?

ನಾಲ್ಕನೇ ಗೇರ್:
ಮೇಲಿನ ಮಿತಿ ಕೇಂದ್ರದ್ದು, ಮೋಟಾರು ವಾಹನ ಕಾಯ್ದೆಯ ಕಲಂ 112ರಡಿ. 2018ರ ಏಪ್ರಿಲ್ ಅಧಿಸೂಚನೆಯಲ್ಲಿ ಡಿವೈಡರ್ ಇರುವ ಚತುಷ್ಪಥಕ್ಕೆ ಕಾರು 100, ಬಸ್ಸು 90, ಲಾರಿ ಮತ್ತು ಬೈಕು 80, ರಿಕ್ಷಾ 50. ಪಾಲಿಕೆ, ಪುರಸಭೆ ವ್ಯಾಪ್ತಿಯ ರಸ್ತೆಯಲ್ಲಿ ಕಾರಿಗೆ 70, ಬಸ್ಸು-ಲಾರಿ-ಬೈಕಿಗೆ 60. ಹಾಗಾಗಿ ಸುರತ್ಕಲ್, ಕೊಟ್ಟಾರ ಚೌಕಿಯಲ್ಲಿ 100 ಉಂಟೆಂದು ಹಿಡಿಯಬೇಡಿ ಮಾರಾಯ್ರೆ.

ಇದನ್ನು ಇಳಿಸಲು ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟವರಿಗೆ ಸಾಧ್ಯ, ಏರಿಸಲು ಇಲ್ಲ. ಇಳಿಸುವುದಕ್ಕೆ ಅಧಿಸೂಚನೆಯೂ ಬೇಕು, ಬೋರ್ಡೂ ಬೇಕು. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ಮಾತ್ರ ಅಧಿಸೂಚನೆ ಬೇಡ. ಕಾಮಗಾರಿ ಮುಗಿದರೂ ಗುತ್ತಿಗೆದಾರರ ಬೋರ್ಡು ಅಲ್ಲೇ ಉಳಿದರೆ ಗೊಂದಲ ಶುರುವಾಗುವುದು ಇಲ್ಲಿಯೇ.

ಸರ್ವೆಕಲ್ಲು:
ಲೆಕ್ಕದ ಬಗ್ಗೆ: ಮುಂದಿನ ಗಾಡಿಯ ಅಡ್ಡಿಯಿಲ್ಲದೆ ಓಡುವ ವಾಹನಗಳ ವೇಗವನ್ನು ರಾಡಾರ್ ಗನ್ನಿನಲ್ಲಿ ಅಳೆಯುತ್ತಾರೆ. 100 ಗಾಡಿ ಅಳೆದು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದರೆ 85ನೆಯದ್ದರ ವೇಗವೇ ಆರಂಭದ ಅಂಕಿ. ಬ್ಯಾರಿಕೇಡ್ ಪಕ್ಕ, ಹಂಪ್ ಪಕ್ಕ ನಿಂತು ಅಳೆದರೆ ಇಡೀ ಸರ್ವೆ ದಂಡ.

ಆಮೇಲೆ ದೃಷ್ಟಿದೂರ ನೋಡಬೇಕು. ಚಾಲಕನ ಪ್ರತಿಕ್ರಿಯೆಗೆ 2.5 ಸೆಕೆಂಡ್ ಹಿಡಿದರೆ, 50ರಲ್ಲಿ ನಿಲ್ಲಲು ಸುಮಾರು 60 ಮೀಟರ್ ಬೇಕು, 100ರಲ್ಲಿ 180. ವೇಗ ಇಮ್ಮಡಿ, ದೂರ ಮೂರು ಪಟ್ಟು. ತಿರುವಿನಾಚೆ ಅಷ್ಟು ರಸ್ತೆ ಕಾಣದಿದ್ದರೆ 85ನೆಯವನ ವೇಗಕ್ಕೆ ಬೆಲೆ ಇಲ್ಲ. ಸರ್ವಿಸ್ ರಸ್ತೆ ಇಲ್ಲದೆ ಓಣಿಗಳು ನೇರ ಹೆದ್ದಾರಿಗೇ ಬಂದು ಸೇರುವಲ್ಲಿ, ಜನ ಅಡ್ಡ ದಾಟುವಲ್ಲಿ ಇನ್ನೂ ಇಳಿಸಬೇಕು. ಬರೇ ಬೋರ್ಡಿನಿಂದ ಅದು ಆಗುವುದಿಲ್ಲ. ಅಗಲ ನೇರ ರಸ್ತೆಗೆ 40 ಬರೆದರೆ ಯಾರೂ ಪಾಲಿಸುವುದಿಲ್ಲ, ಪಾಲಿಸಿದವನಿಗೆ ಹಿಂದಿನಿಂದ ಗುದ್ದು.

ನಾಲ್ಕನೇ ಗೇರ್:
ಬಸ್ಸಿನ 90 ಕಾಗದದಲ್ಲಿ ಮಾತ್ರ. ಸ್ಪೀಡ್ ಗವರ್ನರ್ 80ಕ್ಕೆ ಕಟ್ಟಿರಬೇಕು. ಟ್ಯಾಂಕರ್, ಡಂಪರ್, ಶಾಲಾ ಬಸ್ಸಾದರೆ 60ಕ್ಕೆ.

ಕಡಲಬದಿ:
ಬೋರ್ಡಿನ ಮಿತಿ ಮುಗಿಯುವುದೆಲ್ಲಿ?

ಸರ್ವೆಕಲ್ಲು:
ಅದಕ್ಕೆ ಬೇರೆ ಬೋರ್ಡು ಉಂಟು: ಬಿಳಿ ವೃತ್ತ, ಓರೆಯಾಗಿ ಕಪ್ಪು ಪಟ್ಟಿ. ಮಿತಿ ಶುರುವಾಗುವ ಬೋರ್ಡು ಹಾಕಿ ಇದನ್ನು ಮರೆಯುವುದೇ ಹೆಚ್ಚು. ದೂರು ಬರೆಯುವಾಗ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ದಿಕ್ಕಿನ ಪಥ ಎರಡೂ ಬರೆಯಿರಿ.