ತಾಮ್ರದ ತಗಡು ಬಡಿದರೆ ಕಿತ್ತಳೆ ಸಿಪ್ಪೆಯಂತೆ ತರಿತರಿ ಆಗೋದು ಯಾಕೆ?

ಪ್ರಶ್ನೆ (ಚಿಕ್ಕಮಗಳೂರು): ಮೇಡಂ, ನಮ್ಮದು ತಾಮ್ರದ ಹಂಡೆ, ಚೊಂಬು ಮಾಡುವ ಮನೆ. ಅಪ್ಪ ಕಾಯಿಸಿ ಬಡಿದರೆ ಪಾತ್ರೆ ನುಣುಪಾಗಿರುತ್ತದೆ. ನಾನು ಇನ್ನೂ ಮೆತ್ತಗಾಗಲಿ ಅಂತ ಟಾರ್ಚಿನಲ್ಲಿ ಕಾಲು ಗಂಟೆ ಕೆಂಪಗೇ ಇಟ್ಟೆ. ಸ್ವಲ್ಪ ತಟ್ಟೋದು, ಮತ್ತೆ ಕಾಯಿಸೋದು, ಹೀಗೇ ಮಾಡಿದೆ. ತಗಡು ಮೆತ್ತಗೇನೋ ಆಯಿತು, ಆದರೆ ಹೊಟ್ಟೆ ಭಾಗ ಕಿತ್ತಳೆ ಸಿಪ್ಪೆ ಥರ ತರಿತರಿ. ತಗಡೇ ಕಳಪೆಯಾ?

ಉತ್ತರ: ತಗಡಿನ ತಪ್ಪಲ್ಲ, ಹರಳು ದೊಡ್ಡದಾಗಿದೆ. ನಮ್ಮ ಲೋಹಶಾಸ್ತ್ರದಲ್ಲೂ ಇದಕ್ಕೆ ಕಿತ್ತಳೆ ಸಿಪ್ಪೆ ಅಂತಲೇ ಹೆಸರು!

ತಾಮ್ರವೆಂದರೆ ಒತ್ತೊತ್ತಾಗಿ ಕೂತ ಸಣ್ಣ ಹರಳುಗಳು. ಸತು ಲೇಪಿಸಿದ ಹಳೇ ಜಿಐ ಬಕೆಟ್ ಮೇಲೆ ಹೂವಿನಂಥ ಚಿತ್ತಾರ ಕಾಣುತ್ತದಲ್ವಾ, ಅದು ಸತುವಿನ ಹರಳು. ತಾಮ್ರದ ಒಳ್ಳೇ ತಗಡಿನಲ್ಲಿ ಅವು ಸುಮಾರು 0.02ರಿಂದ 0.05 ಮಿ.ಮೀ. ಅಷ್ಟೇ, ಕಣ್ಣಿಗೆ ಕಾಣುವುದಿಲ್ಲ.

ಸುತ್ತಿಗೆ ಬಿದ್ದಾಗ ಹರಳಿನೊಳಗೆ ಪರಮಾಣುಗಳ ಪದರ ಜಾರುತ್ತದೆ. ಆ ಜಾರಿಕೆಯನ್ನು ಹೊತ್ತೊಯ್ಯುವುದು ಡಿಸ್ಲೊಕೇಶನ್ ಎಂಬ ಗೆರೆಯಂಥ ದೋಷ. ಪಕ್ಕದ ಹರಳಿನ ಪದರಗಳು ಬೇರೆ ದಿಕ್ಕಿಗಿರುವುದರಿಂದ ಗಡಿಯಲ್ಲಿ ಅದು ತಡೆದು ನಿಲ್ಲುತ್ತದೆ. ಮಲೆನಾಡಿನ ಮೆಟ್ಟಿಲು ಗದ್ದೆ ನೆನಪು ಮಾಡಿಕೊಳ್ಳಿ: ಗದ್ದೆ ಸಣ್ಣದಾದಷ್ಟೂ ಬದು ಜಾಸ್ತಿ, ನೀರು ಅಲ್ಲಲ್ಲೇ ನಿಲ್ಲುತ್ತದೆ. ಸಣ್ಣ ಹರಳಿನ ಲೋಹ ಬಗ್ಗಲು ಹಟ ಮಾಡುವುದು ಇದಕ್ಕೇ. ಹಾಲ್ ಎಂಬ ವಿಜ್ಞಾನಿ 1951ರಲ್ಲಿ, ಪೆಚ್ ಎಂಬ ವಿಜ್ಞಾನಿ 1953ರಲ್ಲಿ ಉಕ್ಕಿನಲ್ಲಿ ಇದರ ಲೆಕ್ಕ ತೋರಿಸಿದರು. ಹರಳಿನ ಅಡ್ಡಗಲ ಕಾಲು ಭಾಗಕ್ಕೆ ಇಳಿದರೆ, ಗಡಿಗಳು ಕೊಡುವ ಬಲ ಎರಡು ಪಟ್ಟು.

ಬಡಿಯುತ್ತಾ ಹೋದಂತೆ ಈ ಗೆರೆಗಳು ಹುಟ್ಟುತ್ತಲೇ ಇರುತ್ತವೆ, ಒಂದಕ್ಕೊಂದು ಸಿಕ್ಕು ಬೀಳುತ್ತವೆ. ತಗಡು ಗಟ್ಟಿಯಾಗಿ ಸುತ್ತಿಗೆಯ ಸದ್ದು ಬದಲಾಗುವುದು ಆಗಲೇ. ಚೆನ್ನಾಗಿ ಬಡಿದ ತಾಮ್ರದಲ್ಲಿ ಒಂದು ಚದರ ಸೆಂಟಿಮೀಟರಿಗೆ ಹತ್ತು ಸಾವಿರ ಕೋಟಿ ಗೆರೆ ದಾಟುತ್ತದೆ. ಕಾಯಿಸಿದರೆ ಸಿಕ್ಕು ಬಿಟ್ಟು ಹೊಸ ಹರಳು ಹುಟ್ಟುತ್ತವೆ. ಅಲ್ಲಿಗೇ ನಿಲ್ಲಿಸಬೇಕು. ಇನ್ನೂ ಕಾಯಿಸಿದರೆ ದೊಡ್ಡ ಹರಳು ಸಣ್ಣದನ್ನು ನುಂಗಿ ಬೆಳೆಯುತ್ತದೆ. ಒಂದೊಂದು ಹರಳು ತನ್ನ ದಿಕ್ಕಿಗೇ ಹಿಗ್ಗುವುದರಿಂದ ಒಂದು ಉಬ್ಬುತ್ತದೆ, ಪಕ್ಕದ್ದು ತಗ್ಗುತ್ತದೆ. ನಿಮ್ಮ ಬೆರಳಿಗೆ ಸಿಕ್ಕ ತರಿ ಅದೇ.

ಪ್ರಶ್ನೆ (ಅವರೇ): ಹಾಗಾದರೆ ಇನ್ನೊಂದು ಸಲ ಬೇಗ ಕಾಯಿಸಿದರೆ ಹರಳು ಸಣ್ಣದಾಗುತ್ತಾ?

ಉತ್ತರ: ಇಲ್ಲ. ತಾಮ್ರದಲ್ಲಿ ಸುಮ್ನೆ ಕಾಯಿಸಿದರೆ ಹರಳು ಸಣ್ಣದಾಗುವುದಿಲ್ಲ. ಮೊದಲು ಚೆನ್ನಾಗಿ ಬಡಿಯಬೇಕು. ಜಾಸ್ತಿ ಬಡಿದಷ್ಟೂ ಹೊಸ ಹರಳು ಹುಟ್ಟುವ ಜಾಗ ಜಾಸ್ತಿ, ಹರಳು ಅಷ್ಟೇ ಸಣ್ಣ. ನೀವು ಸ್ವಲ್ಪ ತಟ್ಟಿ ಕಾಯಿಸಿದಿರಲ್ಲ, ಅದೇ ದೊಡ್ಡ ತಪ್ಪು. ಅಷ್ಟು ಕಡಿಮೆ ಬಡಿದಾಗ ಕೆಲವೇ ಹರಳು ಹುಟ್ಟಿ ಸಿಕ್ಕಾಪಟ್ಟೆ ಬೆಳೆಯುತ್ತವೆ.

ಪ್ರಶ್ನೆ (ಹಾಸನ): ಸಣ್ಣ ಹರಳೇ ಯಾವಾಗಲೂ ಒಳ್ಳೆಯದಾ ಮೇಡಂ?

ಉತ್ತರ: ತಣ್ಣಗಿರುವ ಕೆಲಸಕ್ಕೆ ಬಹುತೇಕ ಹೌದು. ತುಂಬಾ ಬಿಸಿಯಲ್ಲಿ ಮಾತ್ರ ಗಡಿಗಳೇ ಜಾರುತ್ತವೆ. ಜೆಟ್ ಎಂಜಿನ್ನಿನ ಅತಿ ಬಿಸಿ ಭಾಗದ ಟರ್ಬೈನ್ ಬ್ಲೇಡುಗಳನ್ನು ಒಂದೇ ಹರಳಾಗಿ ಎರಕ ಹೊಯ್ಯುವುದು ಅದಕ್ಕೇ.

ಹಂಡೆಯವರಿಗೆ ಇನ್ನೊಂದು ಮಾತು. ಅಪ್ಪ ಕಾಯಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಕತ್ತಲೆ ಮೂಲೆಯಲ್ಲಿ ಕಾಯಿಸಿ, ಮಬ್ಬುಗೆಂಪು ಕಂಡ ತಕ್ಷಣ ಉರಿ ತೆಗೆಯಿರಿ. ನೀರಿಗೆ ಅದ್ದಿದರೂ ಪರವಾಗಿಲ್ಲ, ತಾಮ್ರ ಉಕ್ಕಿನಂತೆ ಅದರಿಂದ ಗಟ್ಟಿಯಾಗುವುದಿಲ್ಲ. ಆಮೇಲೆ ಸದ್ದು ಬದಲಾಗುವವರೆಗೂ ಬಡಿದೇ ಮತ್ತೆ ಕಾಯಿಸಿ.