ಬೋರ್ಡೆಲ್ಲ ಓದ್ತಾನೆ, ಕೇಳಿದ್ರೆ ಉತ್ತರ ಇಲ್ಲ

(ಆಟಿಸಂ ಇರುವ ಮಕ್ಕಳ ಹೆತ್ತವರ ಗುಂಪಿನ ಭಾನುವಾರದ ಪ್ರಶ್ನೋತ್ತರ. ಕೇಳುವವರ ಹೆಸರಿನ ಬದಲು ಊರು. ಉತ್ತರ: ಕಾಸರಗೋಡಿನ ಸ್ಪೀಚ್ ಥೆರಪಿಸ್ಟ್)

ಬದಿಯಡ್ಕದ ಅಮ್ಮ: ಮೇಡಂ, ಮಗನಿಗೆ 8 ವರ್ಷ, ಆಟಿಸಂ. ಕನ್ನಡ ಮೀಡಿಯಂ ಮೂರನೇ ಕ್ಲಾಸು. ಬಸ್ಸಿನ ಬೋರ್ಡು ಕನ್ನಡ, ಮಲಯಾಳ ಎರಡೂ ಗಡಗಡ ಓದ್ತಾನೆ. ಪಾಠ ಓದಿಸಿ "ರಾಮು ಎಲ್ಲಿ ನಿಂತ?" ಅಂದ್ರೆ "ಎಲ್ಲಿ ನಿಂತ" ಅಂತ ನನಗೇ ಹೇಳ್ತಾನೆ. ಬಾಯಾರಿದ್ರೆ ತುಳುವಲ್ಲಿ "ನಿಕ್ಕ್ ನೀರ್ ಬೋಡಾ?" (ನಿನಗೆ ನೀರು ಬೇಕಾ?) ಅಂತಾನೆ. ಮನೆಯಲ್ಲಿ ತುಳು ಬಿಡಿ ಅಂತಾರೆ ಟೀಚರು.

ಥೆರಪಿಸ್ಟ್: ತುಳು ಬಿಡಬೇಡಿ. ಎರಡು ಭಾಷೆ ಕೇಳಿದ್ದರಿಂದ ಆಟಿಸಂ ಮಕ್ಕಳ ಮಾತು ಹಿಂದೆ ಬೀಳುತ್ತದೆ ಅಂತ ಅಧ್ಯಯನಗಳಲ್ಲಿ ಕಂಡಿಲ್ಲ. ಓದು ಮುಂದೆ ಓಡಿ ಅರ್ಥ ಹಿಂದೆ ಉಳಿಯುವುದಕ್ಕೆ ಹೈಪರ್‌ಲೆಕ್ಸಿಯಾ ಅಂತಾರೆ. "ನಿಕ್ಕ್ ನೀರ್ ಬೋಡಾ" ಅಂದಾಗ ಗದರಬೇಡಿ. ನೀರು ಸಿಗುವಾಗ ನಿಮ್ಮ ಬಾಯಲ್ಲಿ ಕೇಳಿದ್ದನ್ನು ಇಡಿಯಾಗಿ ಎತ್ತಿಕೊಂಡಿದ್ದಾನೆ, ಅವನ ಮಟ್ಟಿಗೆ ಅದೇ ಬೇಡಿಕೆ. ಲೋಟ ಕೊಡುವಾಗ "ಎಂಕ್ ನೀರ್ ಬೋಡು" (ನನಗೆ ನೀರು ಬೇಕು) ಅಂತ ಅವನ ಪರವಾಗಿ ನೀವು ಹೇಳಿ. ಪ್ರಶ್ನೆ ಪುಸ್ತಕದಿಂದ ಬೇಡ, ಅಡಿಗೆಮನೆಯಿಂದ ಶುರುಮಾಡಿ. "ಚೆಂಬು ಎಲ್ಲಿ?" ಕೇಳಿ, "ಕಪಾಟಿನಲ್ಲಿ", "ಬಾವಿಕಟ್ಟೆಯಲ್ಲಿ" ಅಂತ ಎರಡು ಚೀಟಿ ಇಡಿ. ಓದಲು ಬರ್ತದಲ್ಲ, ಸರಿಯಾದದ್ದು ಎತ್ತಿಕೊಡಲಿ. "ಯಾಕೆ" ಎಲ್ಲಕ್ಕಿಂತ ಕೊನೆಗೆ. ಒಂದು ಕೇಳ್ತೇನೆ: ಇದ್ದ ಮಾತು ಈಚೆಗೆ ಹೋಗಿದೆಯಾ? ನಡುವೆ ಕಣ್ಣು ನೆಟ್ಟು ಸ್ತಬ್ಧ ಆಗ್ತಾನಾ?

ಕುಂಬಳೆ: ಬಜೆ ತೇಯ್ದು ಜೇನಲ್ಲಿ ನಾಲಗೆಗೆ ಹಚ್ಚಿದ್ರೆ 48 ದಿನದಲ್ಲಿ ಮಾತು ಬರ್ತದಂತೆ. ಫಾರ್ವರ್ಡ್ ಹಾಕಿದ್ದೇನೆ.

ಥೆರಪಿಸ್ಟ್: ಬೇಡ. ಆಟಿಸಂ ನಾಲಗೆಯಲ್ಲಿಲ್ಲ.

ಮಂಜೇಶ್ವರ: ಬೇಕಾದ್ದನ್ನು ತೋರಿಸಲಿ ಅಂತ ಚಿತ್ರದ ಕಾರ್ಡು ಕೊಟ್ಟರೆ ಮಾತು ನಿಂತೇ ಹೋಗ್ತದಾ?

ಥೆರಪಿಸ್ಟ್: ಇಲ್ಲ. ಮೂರನೇ ಸಲ ಹೇಳುವುದು.

ಮುಳ್ಳೇರಿಯ: ಹತ್ತನೇ ಪರೀಕ್ಷೆಗೆ ಮಗು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಡುವ ಸ್ಕ್ರೈಬ್ ಸಿಗ್ತಾರಾ ಮೇಡಂ?

ಉಪ್ಪಳ: ಮಲಯಾಳ ಮೀಡಿಯಂಗೆ ಹಾಕಿ, ಸೌಲಭ್ಯ ಎಲ್ಲ ಅಲ್ಲೇ ಉಂಟು.

ನೀರ್ಚಾಲು: 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇದೇ ಉಪದೇಶ!

ಉಪ್ಪಳ: ರಾಜಕೀಯ ಬೇಡ ಮಾರ್ರೆ.

ನೀರ್ಚಾಲು: ರಾಜಕೀಯವಾ? ಒಂದು ಕಡೆ ಮಗನಿಗೆ ಪದಗಳ ಟೆಸ್ಟು ಮಾಡಿದ್ರು. ಚಿತ್ರ ನೋಡಿ "ಹಲಸು" ಅಂದ. ಮಲಯಾಳದಲ್ಲಿ "ಚಕ್ಕ" ಅನ್ನಲಿಲ್ಲ ಅಂತ ಸೊನ್ನೆ. ನಿಮ್ಮ ಮಗುವಿಗಾದ್ರೆ ಗೊತ್ತಾಗ್ತಿತ್ತು.

ಉಪ್ಪಳ: ನನ್ನ ಮಗುವನ್ನು ಎಳೀಬೇಡಿ.

ಥೆರಪಿಸ್ಟ್: ಇಬ್ಬರೂ ನಿಲ್ಲಿಸಿ. ಯಾವ ಭಾಷೆಯಲ್ಲಿ ಹೇಳಿದರೂ ಆ ಪದ ಅವನಿಗೆ ಗೊತ್ತುಂಟು ಅಂತಲೇ ಲೆಕ್ಕ. ರಿಪೋರ್ಟ್ ತನ್ನಿ.

ಕುಂಬಳೆ: ಬಜೆ ಬೇಡವಾದ್ರೆ ತಿಮರೆ (ಒಂದೆಲಗ)?

ಥೆರಪಿಸ್ಟ್: ಚಟ್ನಿ ಮಾಡಿ, ನೀವೂ ತಿನ್ನಿ. ಮಾತಿನ ಮದ್ದು ಅಂತ ಇನ್ನೊಂದು ಫಾರ್ವರ್ಡ್ ಬಂದ್ರೆ ಅಳಿಸ್ತೇನೆ.

ಬದಿಯಡ್ಕದ ಅಮ್ಮ: ಮೇಡಂ, ಒಮ್ಮೊಮ್ಮೆ ಬೋರ್ಡು ಇಲ್ಲದ ಕಡೆಯೂ ನಿಂತುಬಿಡ್ತಾನೆ. ಮುಟ್ಟಿದ್ರೂ ತಿರುಗುವುದಿಲ್ಲ. ಆಮೇಲೆ ಏನೂ ಆಗದವನ ಹಾಗೆ ನಡೀತಾನೆ.

ಥೆರಪಿಸ್ಟ್: ಚೀಟಿ ಆಮೇಲೆ. ಮೊದಲು ನರರೋಗದ ಡಾಕ್ಟರ ಹತ್ತಿರ ಹೋಗಿ, ಫಿಟ್ಸ್ ಇರಬಹುದು, ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಬೇಕಾದೀತು. ಇನ್ನೊಮ್ಮೆ ಹಾಗಾದ್ರೆ ಮೊಬೈಲಲ್ಲಿ ವಿಡಿಯೋ ತೆಗೆದಿಡಿ. ನನಗೆ ಈಗಲೇ ಫೋನ್ ಮಾಡಿ.